ಎಡಬಾಗಿಲಿನ ಮುಖ

ಜಂಬುಲಿಂಗಪ್ಪನವರ ಮೋಟಾರು ಹೊರಡುವ ಹೊತ್ತಿಗೆ ದ್ರಾಕ್ಷಾಯಣಮ್ಮ ಹಿತ್ತಿಲು ಸೇರಬೇಕು. ಅದು ಆ ಮನೆಯ ಕಟ್ಟಳೆ. ಪ್ರಯಾಣ ಹೊರಟ ಗಾಡಿಗೆ ಗಂಡ ಸತ್ತವಳು ಎದುರಾಗಬಾರದು. ಬೆಳಗಿನ ಜಾವದಿಂದ ಸೊಂಟ ಬಗ್ಗಿಸಿ ಆ ಗಾಡಿಯ ಮೈ ತೊಳೆದು, ಮೇಣ ಹಚ್ಚಿ, ಉಜ್ಜಿ ಉಜ್ಜಿ ಫಳಫಳ ಮಾಡಿದವಳು ಅವಳೇ. ಮುಟ್ಟಬಹುದು, ಒರೆಸಬಹುದು, ಚಕ್ರಕ್ಕೆ ಮೆತ್ತಿದ ಸಗಣಿಯನ್ನು ಕೈಯಾರೆ ಬಳಿಯಬಹುದು. ಹೊರಡುವಾಗ ಮಾತ್ರ ಅದರ ಕಣ್ಣಿಗೆ ಬೀಳಬಾರದು. ಮೋಟಾರಿಗೆ ಕಣ್ಣೆಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡಿ. ಮುಂದುಗಡೆ ಎರಡು ದೊಡ್ಡ ದೀಪ ಇದ್ದವು, ಅವೇ ಕಣ್ಣು ಎಂದು ಚಳ್ಳಕೆರೆ ಪೇಟೆಯೆಲ್ಲ ಒಪ್ಪಿಕೊಂಡಾಗಿತ್ತು.

ಹಿತ್ತಿಲಿಗೆ ಹೋಗುವವಳು ಅವಳೊಬ್ಬಳೇ ಅಲ್ಲ. ಅತ್ತೆ ವೀರಮ್ಮನೂ ಸೆರಗು ಸರಿಮಾಡಿಕೊಂಡು ಹಿಂದೆಯೇ ಬರುತ್ತಿದ್ದಳು. ಆಕೆಯ ಯಜಮಾನರೂ ತೀರಿಕೊಂಡು ಬಹಳ ಕಾಲವಾಗಿತ್ತು. ಕಟ್ಟಳೆ ಕಾಯುವವಳೂ ಅವಳೇ, ಅದಕ್ಕೆ ಸಿಕ್ಕಿಬಿದ್ದವಳೂ ಅವಳೇ. ಅತ್ತೆ ಸೊಸೆ ಇಬ್ಬರೂ ಬಾವಿಕಟ್ಟೆಯ ಹತ್ತಿರ ನಿಂತು, ಮೋಟಾರು ಕೆಮ್ಮುವುದನ್ನು, ಗುರುಗುಟ್ಟುವುದನ್ನು, ಪೇಟೆಯ ಕಡೆಗೆ ತಿರುಗಿ ಸದ್ದು ಸಣ್ಣದಾಗುವುದನ್ನು ಕೇಳುತ್ತಿದ್ದರು.

"ಹೋಯ್ತು" ಎನ್ನುತ್ತಿದ್ದಳು ವೀರಮ್ಮ.

"ಹ್ಞೂಂ ಅತ್ತೆ, ಹೋಯ್ತು" ಎನ್ನುತ್ತಿದ್ದಳು ದ್ರಾಕ್ಷಾಯಣಮ್ಮ. ಗಾಡಿ ಚಿತ್ರದುರ್ಗದ ಕಡೆ ಹೋಗಿದ್ದರೆ ಅಷ್ಟಕ್ಕೇ ಮುಗಿಯಿತು. ಮೊಳಕಾಲ್ಮೂರಿನ ಕಡೆ ಹೋಗಿದ್ದರೆ ಅವಳು ಸದ್ದಡಗಿದ ಮೇಲೂ ಅಲ್ಲೇ ನಿಂತಿರುತ್ತಿದ್ದಳು. ಮೊಳಕಾಲ್ಮೂರು ಅವಳ ತವರು.

ಹೆಸರಿನ ವಿಚಾರ ಹೇಳಿಬಿಡುತ್ತೇನೆ. ಹುಟ್ಟಿದಾಗ ಅಯ್ಯನೋರು ಇಟ್ಟದ್ದು ದಾಕ್ಷಾಯಣಿ. ದಕ್ಷನ ಮಗಳು, ಶಿವನ ಹೆಂಡತಿ, ಒಳ್ಳೆಯ ಹೆಸರು. ನಮ್ಮ ಸೀಮೆಯ ನಾಲಿಗೆ ಅದನ್ನು ದ್ರಾಕ್ಷಾಯಣಿ ಮಾಡಿತು, ಆಮೇಲೆ ಉದ್ದವಾಯಿತೆಂದು ದ್ರಾಕ್ಷಮ್ಮ ಮಾಡಿತು. ಪಾಪ, ಆಕೆ ಬದುಕಿನಲ್ಲಿ ದ್ರಾಕ್ಷಿಹಣ್ಣನ್ನು ಕಂಡವಳಲ್ಲ. ಅವಳಪ್ಪ ಮೊಳಕಾಲ್ಮೂರಿನಲ್ಲಿ ನೇಯುವವರಿಗೆ ರೇಷ್ಮೆ ನೂಲು ಕೊಟ್ಟು, ಸೀರೆ ತೆಗೆದುಕೊಂಡು ಮಾರುತ್ತಿದ್ದ. ಮಗಳ ಧಾರೆಗೆಂದು ತಾನೇ ನಿಂತು ಗಿಳಿಹಸಿರು ಸೀರೆ ನೇಯಿಸಿದ್ದ. ಆ ಸೀರೆಯುಟ್ಟು ಎತ್ತಿನ ಗಾಡಿಯಲ್ಲಿ ಚಳ್ಳಕೆರೆಗೆ ಬಂದಾಗ ಅವಳಿಗೆ ಹದಿನೇಳೋ ಹದಿನೆಂಟೋ. ಎರಡನೇ ಸಲ ಉಡುವಷ್ಟರಲ್ಲಿ ಪ್ಲೇಗು ಬಂತು, ಗಂಡ ಹೋದ. ಆ ಮನೆಯವರಲ್ಲಿ ತಲೆ ಬೋಳಿಸುವ ಕಾಟವಿರಲಿಲ್ಲ. ಆದರೆ ಬಳೆ ಹೋಯಿತು, ಹೂವು ಹೋಯಿತು, ಕನ್ನಡಿ ಹೋಯಿತು. ಗಂಡನಿಲ್ಲದವಳು ಮುಖ ನೋಡಿಕೊಂಡು ಯಾರಿಗೆ ತೋರಿಸಬೇಕು ಎಂಬುದು ಲೆಕ್ಕ. ಕೆಟ್ಟ ಲೆಕ್ಕ, ಆದರೆ ಊರೆಲ್ಲ ಅದನ್ನೇ ಕಲಿತಿತ್ತು.

ಮೊದಮೊದಲು ಅಣ್ಣ ಬಂದು ತವರಿಗೆ ಕರೆದೊಯ್ಯುತ್ತಿದ್ದ. ಅಪ್ಪ ಹೋದ, ಆಮೇಲೆ ಅಣ್ಣನೂ ಹೋದ. ಅವ್ವ ಮೊಮ್ಮಗನ ಮನೆಯಲ್ಲಿ ಉಳಿದಳು. ಕರೆಯದೆ ತವರಿಗೆ ಹೋಗಬಾರದು, ಕರೆಯಬೇಕಾದವನು ಮನೆಯ ಯಜಮಾನ. ಅಣ್ಣನ ಮಗನಿಗೆ ಸೋದರತ್ತೆಯೊಬ್ಬಳು ಇದ್ದಾಳೆಂಬ ನೆನಪೇ ಇತ್ತೋ ಇಲ್ಲವೋ. ಅವ್ವ ಬಂದುಹೋಗುವವರ ಕೈಲಿ "ನನ್ನ ದ್ರಾಕ್ಷಿ ಹೆಂಗೈತೆ" ಎಂದು ಕೇಳಿ ಕಳಿಸುತ್ತಿದ್ದಳು. ಇವಳು "ಚೆನ್ನಾಗೈತೆ" ಎಂದು ಹೇಳಿ ಕಳಿಸುತ್ತಿದ್ದಳು. ಹೀಗೆ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡದೆ ಹತ್ತು ಹನ್ನೆರಡು ವರ್ಷ ತಳ್ಳಿದರು. ನಡುವೆ ಇದ್ದದ್ದು ಎತ್ತಿನ ಗಾಡಿಗೆ ಒಂದು ಹಗಲಿನ ದಾರಿ.

ಮೊದಲ ಮಹಾಯುದ್ಧ ಮುಗಿದ ಮರುವರ್ಷ ಶೇಂಗಾಕ್ಕೂ ಹತ್ತಿಗೂ ಒಳ್ಳೆಯ ಕಾಲ ಬಂತು. ದ್ರಾಕ್ಷಮ್ಮನ ಗಂಡನ ಅಣ್ಣ ಜಂಬುಲಿಂಗಪ್ಪ ಬೆಂಗಳೂರಿಗೆ ಹೋಗಿ ಮೋಟಾರು ತಂದರು. ಕಪ್ಪು ಮೈ, ಬಟ್ಟೆಯ ಮಾಡು, ಎರಡೂ ಬದಿಗೆ ಗಿಡ್ಡ ಬಾಗಿಲು. ಅದನ್ನು ಓಡಿಸಲು ರಾಯದುರ್ಗದ ಕಡೆಯ ಯರ್ರಪ್ಪ ಬಂದ. ಅರ್ಧ ಕನ್ನಡ ಅರ್ಧ ತೆಲುಗು ಆಡುವ, ಮೀಸೆ ತಿರುವುವ ಆಸಾಮಿ. ಬಂದ ದಿನವೇ ಹೇಳಿಬಿಟ್ಟ: "ನೇನು ಡ್ರೈವರು ಸ್ವಾಮಿ. ಗಾಡಿ ಓಡ್ಸೋನು, ತೊಳೆಯೋನಲ್ಲ."

ಸರಿ, ತೊಳೆಯುವ ಕೆಲಸ ಎತ್ತು ನೋಡಿಕೊಳ್ಳುವ ಜಂಪಣ್ಣನಿಗೆ ಬಂತು. ಅವನಿಗೆ ಗೊತ್ತಿದ್ದದ್ದು ಒಂದೇ ತೊಳೆಯುವಿಕೆ. ಹುಲ್ಲಿನ ಸಿವುಡು ಹಿಡಿದು, ನೀರು ಎರಚಿ, ಬೆನ್ನು ಪಕ್ಕೆ ಹೊಟ್ಟೆಯೆಲ್ಲ ಗಸಗಸ ತಿಕ್ಕಿದ. "ಹೋ ಹೋ" ಎಂದು ಸಮಾಧಾನವನ್ನೂ ಮಾಡಿದ. ಎತ್ತಾಗಿದ್ದರೆ ಸುಖಪಟ್ಟು ಕಣ್ಣು ಮುಚ್ಚುತ್ತಿತ್ತು. ಮೋಟಾರಿನ ಕಪ್ಪು ಬಣ್ಣದ ಮೇಲೆ ಬೆಕ್ಕು ಪರಚಿದ ಹಾಗೆ ಗೆರೆ ಬಿದ್ದವು. ಜಂಬುಲಿಂಗಪ್ಪನವರಿಗೆ ಅನ್ನ ಸೇರಲಿಲ್ಲ. ಅಷ್ಟರಲ್ಲಿ ದೀಪಾವಳಿ ಬಂತು. ವೀರಮ್ಮ ಎಂದಳು: "ಹಬ್ಬದ ದಿನ ಎತ್ತಿಗೂ ಎಣ್ಣೆ ಹಚ್ತೀವಿ, ಇದೇನ್ ಪಾಪ ಮಾಡೈತೆ?" ಎಣ್ಣೆಗೇನು ಕೊರತೆ, ಮನೆಯದೇ ಗಾಣ. ತಾಜಾ ಶೇಂಗಾ ಎಣ್ಣೆ ತಂದು ಮೋಟಾರಿಗೆ ನೆತ್ತಿಯಿಂದ ಚಕ್ರದವರೆಗೆ ಅಭ್ಯಂಜನ ಮಾಡಿಸಿದರು. ಗೆರೆಯೆಲ್ಲ ಮಾಯವಾಗಿ ಗಾಡಿ ಮಿರಮಿರ ಮಿಂಚಿತು. ಜಂಬುಲಿಂಗಪ್ಪ ಸಂತೋಷ ತಾಳಲಾರದೆ ತಳಕು ಊರಿನವರೆಗೆ ಹೋಗಿಬಂದರು. ದಾರಿಯ ಧೂಳೆಲ್ಲ ಎಣ್ಣೆಗೆ ಅಂಟಿಕೊಂಡಿತ್ತು. ಪೇಟೆಯ ಬಾಗಿಲಲ್ಲಿ ಯಾರೋ ಕೂಗಿದರು: "ಲೇ ನೋಡ್ರಲೇ, ಜಂಬುಲಿಂಗಪ್ಪನೋರು ಹುತ್ತ ಓಡಿಸ್ಕಂಡು ಬರ್ತಾವ್ರೆ!"

ಆವತ್ತು ಜಗಲಿಯ ಮೇಲೆ ಕೂತ ಯರ್ರಪ್ಪ, ಕೈ ಮಾತ್ರ ನೆನೆಸದೆ, ತೊಳೆಯುವ ಶಾಸ್ತ್ರವನ್ನೆಲ್ಲ ಹೇಳಿದ. ಹಿಂದೆ ಬಳ್ಳಾರಿಯ ಯಾವುದೋ ಸಾಹೇಬರ ಬಂಗಲೆಯಲ್ಲಿ ಕಂಡದ್ದಂತೆ. ಬಿಸಿಲೇರುವ ಮುಂಚೆ ನೆರಳಲ್ಲಿ ತೊಳೆಯಬೇಕು. ಒಣಮಣ್ಣನ್ನು ಒರೆಸಬಾರದು, ಮರಳು ಕೊರೆಯುತ್ತದೆ. ಮೇಲಿಂದ ನೀರು ಬಿಡಬೇಕು, ಮಣ್ಣು ನೆನೆದು ತಾನಾಗಿ ಜಾರಬೇಕು. ಆಮೇಲೆ ಮೆತ್ತನೆಯ ಬಟ್ಟೆ. ಒಣಗಿದ ಮೇಲೆ ಜೇನುಮೇಣಕ್ಕೆ ಟರ್ಪೆಂಟೈನ್ ಎಣ್ಣೆ ಬೆರೆಸಿ ತೆಳ್ಳಗೆ ಸವರಬೇಕು, ಅದು ಎಳೆದುಕೊಂಡ ಮೇಲೆ ನಯವಾದ ತೊಗಲಿನಿಂದ ಉಜ್ಜಬೇಕು. ಮೇಣ ಇದ್ದರೆ ಬಿಸಿಲು ಬಣ್ಣವನ್ನು ಸುಡುವುದಿಲ್ಲ, ನೀರು ನಿಲ್ಲುವುದಿಲ್ಲ.

ದ್ರಾಕ್ಷಮ್ಮ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಕೇಳಿದಳು. ತಿಕ್ಕಬಾರದು, ನೆನೆಸಬೇಕು, ನೆರಳಲ್ಲಿ ಒಣಗಿಸಬೇಕು. ಅವ್ವ ರೇಷ್ಮೆಸೀರೆ ಒಗೆಯುವಾಗ ಹೇಳುತ್ತಿದ್ದ ಮಾತುಗಳೇ ಇವು. ಇಷ್ಟು ವರ್ಷವಾದ ಮೇಲೆ ಯಾರದೋ ಮೀಸೆಯ ಕೆಳಗಿಂದ ಅವ್ವನ ಮಾತು ಬರುತ್ತಿದೆಯಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು. ಮನೆಯಲ್ಲಿ ತಾನಾಗಿ ಬಾಯಿ ಬಿಟ್ಟವಳಲ್ಲ, ಆವತ್ತು ಬಿಟ್ಟಳು. "ಅತ್ತೆ, ನಾನು ತೊಳೀಲಾ?"

ಮೇಣಕ್ಕೆ ತೊಂದರೆಯಾಗಲಿಲ್ಲ. ಸಿದ್ದಾಪುರದ ಬಂಡೆಗಳಲ್ಲಿ ಹೆಜ್ಜೇನು ಇಳಿಸುವ ಕಾಟಪ್ಪ ಸಂತೆಗೆ ಬರುವಾಗ ತಂದುಕೊಟ್ಟ. ತಕರಾರು ಬಂದದ್ದು ತೊಗಲಿಗೆ. "ನನ್ನ ಅಂಗಳದಾಗೆ ತೊಗಲು ಹಿಡ್ಕಂಡು ಉಜ್ಜದು ಬ್ಯಾಡ" ಎಂದುಬಿಟ್ಟಳು ವೀರಮ್ಮ. ಮೋಟಾರಿನ ಸೀಟು ಪೂರ್ತಿ ತೊಗಲಿನದೇ ಎಂಬುದನ್ನು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ದ್ರಾಕ್ಷಮ್ಮ ಒಳಗೆ ಹೋಗಿ ತನ್ನ ಟ್ರಂಕು ತೆಗೆದಳು. ಗಿಳಿಹಸಿರು ಸೀರೆ ಮಡಿಕೆಯಲ್ಲೇ ಇತ್ತು. ಜರಿ ಗೆರೆ ಹಾಕುತ್ತದೆಂದು ಅಂಚು ಸೆರಗು ಕತ್ತರಿಸಿ ಬೇರೆ ಇಟ್ಟಳು, ಒಡಲನ್ನು ಮೊಳದುದ್ದ ತುಂಡು ಮಾಡಿದಳು. ಕತ್ತರಿಯ ಸದ್ದಿಗೆ ಬಂದು ನೋಡಿದ ಅತ್ತೆ ನೆಲಕ್ಕೆ ಬಿದ್ದ ಜರಿಯ ಎಳೆ ಆರಿಸಿ ಟ್ರಂಕಿನೊಳಗೆ ಇಟ್ಟು ಹೋದಳು.

ಮೊದಲ ಸಲ ಮೇಣ ಹಚ್ಚಿದ ಬೆಳಿಗ್ಗೆ ಅವಳು ಬೇವಿನ ಮರದ ನೆರಳಿನಲ್ಲಿ, ಎಡಬಾಗಿಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ರೇಷ್ಮೆಯನ್ನು ಸುತ್ತಿಸುತ್ತಿ ಆಡಿಸುತ್ತಿದ್ದಂತೆ ಮಂಕು ಸರಿದು ಕಪ್ಪು ಬಣ್ಣ ಆಳವಾಯಿತು, ಬಾವಿಯ ನೀರು ತಿಳಿಯಾಗುವ ಹಾಗೆ. ಆ ಕಪ್ಪಿನೊಳಗಿಂದ ಯಾರೋ ಅವಳನ್ನು ನೋಡಿದರು.

"ಅವ್ವಾ!" ಎಂದಳು ದ್ರಾಕ್ಷಮ್ಮ.

ಅವ್ವನೇ. ಅದೇ ಅಗಲ ಹಣೆ, ಅದೇ ಮುಂದೆ ಬಂದ ಗಲ್ಲ, ಕಣ್ಣಿನ ಕೆಳಗಿನ ಅದೇ ನೆರಳು. ಮದುವೆ ಮುಗಿಸಿ ಎತ್ತಿನ ಗಾಡಿ ಹತ್ತಿಸಿ ಕಳಿಸುವಾಗ ಬಾಗಿಲಲ್ಲಿ ನಿಂತಿದ್ದಳಲ್ಲ, ಹಾಗೆಯೇ. ಅವಳು ಹಿಂದಕ್ಕೆ ಸರಿದಾಗ ಆ ಮುಖವೂ ಸರಿಯಿತು. ಆಗ ಗೊತ್ತಾಯಿತು. ಕನ್ನಡಿಯಲ್ಲಿ ಕೊನೆಯ ಸಲ ನೋಡಿಕೊಂಡಾಗ ಅವಳು ಹುಡುಗಿ. ಈಗ ಅವಳಿಗೆ ಅವ್ವನ ಆಗಿನ ವಯಸ್ಸು, ಅವ್ವನ ಮುಖ. ನಡುವಿನ ವರ್ಷಗಳಲ್ಲಿ ಆ ಮುಖ ಯಾವಾಗ ಬಂದು ತನ್ನ ಮೇಲೆ ಕೂತಿತೋ ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಆ ಬಾಗಿಲ ಮುಂದೆ ಕೂತು ಅತ್ತಳು, ಒಳಗಿನ ಅವ್ವನೂ ಅತ್ತಳು. ಆಮೇಲೆ ಕಣ್ಣೀರಿನ ಹನಿ ಮೇಣದ ಮೇಲೆ ಕಲೆಯಾದೀತೆಂದು ಬೇಗ ಬೇಗ ಒರೆಸಿದಳು.

ಅಲ್ಲಿಂದ ಮುಂದೆ ಅವಳಿಗೆ ಗಾಡಿ ತೊಳೆಯುವುದೆಂದರೆ ತವರಿಗೆ ಹೋಗಿಬಂದ ಹಾಗೆ. ಮನೆಯಲ್ಲಿ ಯಾರಿಗೂ ಇದರ ಸುಳಿವಿಲ್ಲ. ಕನ್ನಡಿ ನೋಡಬಾರದೆಂದು ಕಟ್ಟಳೆ ಮಾಡಿದವರು ಮೋಟಾರಿನ ಬಾಗಿಲು ನೋಡಬಾರದೆಂದು ಹೇಳಿರಲಿಲ್ಲ, ಅವರ ಕಾಲದಲ್ಲಿ ಮೋಟಾರೇ ಇರಲಿಲ್ಲವಲ್ಲ! ಜಂಬುಲಿಂಗಪ್ಪನವರು ರೇಷ್ಮೆಯ ವ್ಯಾಪಾರಕ್ಕೂ ಕೈಹಾಕಿ ಮೊಳಕಾಲ್ಮೂರಿಗೆ ಹೋಗಿಬರತೊಡಗಿದರು. ಪೇಟೆಯ ಬೂದುಧೂಳಿನ ಕೆಳಗೆ, ಚಕ್ರದ ಮೇಲಿನ ತಗಡಿನ ಒಳಮೈಯಲ್ಲಿ ಕೆಂಪುಮಣ್ಣು ಮೆತ್ತಿಕೊಂಡು ಬಂದಿತೆಂದರೆ ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಆ ನೀರನ್ನು ಚರಂಡಿಗೆ ಬಿಡದೆ ಕೊಡದಲ್ಲಿ ಹಿಡಿದು ಹಿತ್ತಿಲಿನ ಬಿಲ್ವದ ಗಿಡಕ್ಕೆ ಹಾಕುತ್ತಿದ್ದಳು. ಗಿಡದ ಬುಡ ಬರಬರುತ್ತ ಕೆಂಪಾಯಿತು. ಅವಳ ತವರುಮನೆ ಹೀಗೆ ಹಿಡಿಹಿಡಿಯಾಗಿ ಚಳ್ಳಕೆರೆಗೆ ಬರುತ್ತಿತ್ತು, ಅವಳು ಮಾತ್ರ ಅಲ್ಲಿಗೆ ಹೋಗುತ್ತಿರಲಿಲ್ಲ.

ಜಂಬುಲಿಂಗಪ್ಪನವರು ಕೆಟ್ಟವರಲ್ಲ. ಅವರ ಮಾತು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಹೊಳೆಯುವ ಗಾಡಿಯನ್ನು ಸುತ್ತು ಹಾಕಿ ನೋಡಿ, ಸಂತೋಷ ಉಕ್ಕಿ, ಕದದ ಮರೆಯಲ್ಲಿದ್ದ ತಮ್ಮನ ಹೆಂಡತಿಗೆ ಕೇಳಿಸುವಂತೆ ಹೇಳುವರು: "ಮುಂದಿನ ಸಲ ನಿನ್ನ ಕೂರಿಸ್ಕಂಡೇ ಹೋಗಣ, ದ್ರಾಕ್ಷಮ್ಮ. ನಿಮ್ಮವ್ವನ್ನ ನೋಡಿ ಬರುವಿಯಂತೆ." "ಆಗ್ಲಿ ಭಾವ" ಎನ್ನುವಳು ಅವಳು. ಮುಂದಿನ ಸಲ ಬಂದಾಗ ಯಾವುದೋ ವ್ಯವಹಾರದ ಮಾತಿರುವುದು, ಒಳ್ಳೆಯ ಕೆಲಸಕ್ಕೆ ಹೊರಟ ಗಾಡಿಯಲ್ಲಿ ಬೋಳುಹಣೆಯವಳು ಕೂರಬಾರದೆಂದು ವೀರಮ್ಮ ಕೆಮ್ಮುವಳು, ಜಂಬುಲಿಂಗಪ್ಪ ಕತ್ತು ಕೆರೆದುಕೊಳ್ಳುವರು. ವ್ಯಾಪಾರಸ್ಥರ ಗಾಡಿ ವ್ಯವಹಾರವಿಲ್ಲದೆ ಯಾವಾಗ ಹೊರಟೀತು?

ಕೊನೆಗೆ ಒಂದು ಸಲ ಅದು ನಿಜವಾಗುವಂತೆ ಕಂಡಿತು. ಜಂಬುಲಿಂಗಪ್ಪ ತಾವೇ ಕಾಟಪ್ಪನ ಕೈಲಿ ಮೊಳಕಾಲ್ಮೂರಿಗೆ ಸುದ್ದಿ ಕಳಿಸಿದರು: ಹುಣ್ಣಿಮೆ ಕಳೆದ ಮೇಲೆ ಮೋಟಾರಿನಲ್ಲಿ ದ್ರಾಕ್ಷಮ್ಮನನ್ನು ಕರೆತರುತ್ತೇನೆ. ಮರುಸಂತೆಗೆ ಕಾಟಪ್ಪ ಅವ್ವನ ಉತ್ತರ ತಂದ. "ಕಣ್ಣು ಪೂರಾ ಮಂಜಾಗ್ಯಾವೆ, ಮಗಳ ಮುಖ ಕಾಣೋವಷ್ಟು ಉಳ್ಕಂಡೈತೆ, ಬ್ಯಾಗ ಬಾ ಅಂದ್ಲು ತಾಯಿ. ಜಗಲಿ ಮ್ಯಾಲೇ ಕೂತಿರ್ತಾಳಂತೆ."

ಆ ದಿನ ದ್ರಾಕ್ಷಮ್ಮ ಗಾಡಿ ತೊಳೆದ ಹಾಗೆ ಹಿಂದೆ ತೊಳೆದಿರಲಿಲ್ಲ. ಎಡಬಾಗಿಲಿಗೆ ಎರಡು ಸಲ ಮೇಣ ಸವರಿದಳು, ತಾನು ಕೂರುವುದು ಆ ಪಕ್ಕದಲ್ಲಲ್ಲವೇ. ಹುರಿಗಡಲೆ, ಬೆಲ್ಲ, ತುಪ್ಪ ಹಾಕಿ ತಂಬಿಟ್ಟು ಕಟ್ಟಿದಳು. ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಗಂಟು ಹಿಡಿದು ಬಂದು, ಒಂದು ಕಾಲನ್ನು ಮೋಟಾರಿನ ಮೆಟ್ಟಿಲ ಮೇಲೆ ಇಟ್ಟಳು.

"ಇವತ್ತು ಬ್ಯಾಡ" ಎಂದಳು ವೀರಮ್ಮ ನಡುಮನೆಯಿಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ಅಲ್ಲಿ ಹೊಸ ಅಂಗಡಿ ಹಿಡಿಯೋ ಮಾತೈತೆ ಅಂತ ಈಗ ಹೇಳ್ತಾನೆ ಇವನು. ವೀಳ್ಯ ಕೊಡೋ ದಿನ. ಇವತ್ತೊಂದು ದಿನ ಬ್ಯಾಡ ಕಣವ್ವ."

ಜಂಬುಲಿಂಗಪ್ಪ ಆಕಾಶ ನೋಡಿದರು, ಚಕ್ರ ನೋಡಿದರು. ಅವಳನ್ನು ಮಾತ್ರ ನೋಡಲಿಲ್ಲ. "ಅವ್ವ ಹೇಳೋದೂ ಐತೆ... ಮುಂದಿನ ಸಲ, ದ್ರಾಕ್ಷಮ್ಮ. ಲಿಂಗದಾಣೆ."

ಅವಳು ಕಾಲು ಕೆಳಗಿಳಿಸಿದಳು. ಮೆಟ್ಟಿಲ ಮೇಲೆ ತನ್ನ ಪಾದದ ಧೂಳು ಕಂಡಿತು. ಬಗ್ಗಿ ಸೆರಗಿನಿಂದ ಅದನ್ನು ಒರೆಸಿದಳು. ಗಂಟನ್ನು ಯರ್ರಪ್ಪನ ಕೈಗೆ ಕೊಟ್ಟು, ಅವ್ವನಿಗೆ ಕೊಡಬೇಕೆಂದು ಹೇಳಿ ಹಿತ್ತಿಲಿಗೆ ಹೋದಳು. ಮೋಟಾರಿನ ಸದ್ದು ಸಣ್ಣದಾಗಿ ಅಡಗಿತು. ಆವತ್ತು ವೀರಮ್ಮ "ಹೋಯ್ತು" ಎನ್ನಲಿಲ್ಲ.

ಸಂಜೆ ಗಾಡಿ ಬಂತು. ಜಂಬುಲಿಂಗಪ್ಪ ಯಾರಿಗೂ ಮುಖ ಕೊಡದೆ ಒಳಗೆ ಹೋಗಿ, ಊಟ ಬೇಡವೆಂದು ಮಲಗಿಬಿಟ್ಟರು. ಅಂಗಡಿಯ ಮಾತು ಮುರಿಯಿತೋ ಏನೋ ಎಂದುಕೊಂಡರು ಮನೆಯವರು. ಅಂಗಡಿಯ ಮಾತು ಮುರಿದಿರಲಿಲ್ಲ.

ಬೆಳಿಗ್ಗೆ ದ್ರಾಕ್ಷಮ್ಮ ಬೇವಿನ ಮರದ ಕೆಳಗೆ ಬಂದಾಗ ಯರ್ರಪ್ಪ ಬಾವಿಯಿಂದ ತಾನೇ ನೀರು ಸೇದಿ ಇಟ್ಟಿದ್ದ. ಜಗಲಿಯಿಂದ ಇಳಿಯದ ಆಸಾಮಿ ನೀರು ಸೇದಿದ್ದಾನೆಂದರೆ ಏನೋ ಆಗಿದೆ. "ಅವ್ವ ಬದ್ಕವಳೋ ಇಲ್ವೋ?" ಎಂದಳು.

"ಅಯ್ಯೋ, ಅವ್ರು ಚೆಂದಾಗವ್ರೆ ಅಮ್ಮಾ" ಎಂದು ಯರ್ರಪ್ಪ ನೆಲ ನೋಡಿದ. "ಗಾಡಿ ನಿಂತಿದ್ದೇ ತಡ, ಕೋಲು ಊರ್ಕಂಡು ಜಗಲಿ ಇಳ್ದು ಬಂದ್ರು. ನೆಟ್ಟಗೆ ಈ ಬಾಗಿಲತ್ರಕ್ಕೇ. ಬೆನ್ನು ಪೂರಾ ಬಗ್ಗೋಗೈತಲ್ಲ, ಮುಖ ಸರಿಯಾಗಿ ಬಾಗಿಲ ಮಟ್ಟಕ್ಕೆ ಬಂತು. ನೀವು ಹಂಗ್ ಉಜ್ಜಿದ್ರಿ, ದಾರಿ ಧೂಳಿದ್ರೂ ಹೊಳಪು ಹೋಗಿರಲಿಲ್ಲ. ಅದ್ರಾಗೆ ಮುಖ ಕಾಣ್ತು. ಅವ್ರು... ಒಳಗೆ ನೀವು ಕೂತಿದ್ದೀರಿ ಅಂದ್ಕಂಡ್ರು."

ಅವ್ವನೂ ಕನ್ನಡಿ ಬಿಟ್ಟು ಎಷ್ಟೋ ಕಾಲವಾಗಿತ್ತು. ತನ್ನ ಮುಖ ಈಗ ಹೇಗಿದೆಯೆಂದು ಆ ಮುದುಕಿಗೆ ಏನು ಗೊತ್ತು? ಕಪ್ಪುಬಣ್ಣದಲ್ಲಿ ಸುಕ್ಕು ಕಾಣುವುದಿಲ್ಲ, ನರೆ ಕಾಣುವುದಿಲ್ಲ. ಮಂಜುಗಣ್ಣಿಗೆ ಕಂಡದ್ದು ಅಗಲ ಹಣೆ, ಮುಂದೆ ಬಂದ ಗಲ್ಲ, ವಿಭೂತಿ. ಮಗಳು ಬರುತ್ತಾಳೆಂದು ಕಾದು ಕೂತವಳಿಗೆ ಮಗಳೇ ಕಂಡಳು.

"'ಬಂದ್ಯೇನೇ ನನ್ನವ್ವಾ' ಅಂದ್ರು" ಎಂದ ಯರ್ರಪ್ಪ. "ಸುತ್ತ ಇದ್ದ ಹೆಂಗಸರನ್ನ ಕೂಗಿ, 'ನೋಡ್ರೇ, ಥೇಟು ನಾನು ಆ ವಯಸ್ಸಿನಾಗೆ ಇದ್ದಂಗೇ ಅವಳೆ' ಅಂತ ತೋರಿಸಿದ್ರು. ಎಲ್ರೂ ಸೆರಗು ಬಾಯಿಗೆ ಹಿಡ್ಕಂಡು ನಿಂತ್ರು. ನಾನು ಗಂಟು ಕೊಟ್ರೆ ಬಿಚ್ಚಿ, ಮೊದಲ ತುತ್ತು ಮುರ್ದು, ನಿಮ್ ಬಾಯಿಗೆ ಅಂತ ಬಾಗಿಲಿಗೆ ಹಿಡಿದ್ರು. ಕೆನ್ನೆ ಸವರಿದ್ರು. 'ಯಾಕೇ ಮಾತಾಡಂಗಿಲ್ಲ, ನನ್ ಮ್ಯಾಲೆ ಸಿಟ್ಟಾ' ಅಂತ ಕೇಳಿದ್ರು. ನಮ್ ಯಜಮಾನ್ರು ಮುಂದೆ ಬಂದು... ದಾರಿ ಗಾಳಿಗೆ ಗಂಟಲು ಕಟ್ಟೈತೆ ತಾಯಿ, ಮಾತು ಬರ್ತಿಲ್ಲ, ಇಳಿಯಾಕೂ ಹೊತ್ತಿಲ್ಲ ಅಂದ್ರು. ಇನ್ನೇನ್ ಹೇಳ್ತಾರಮ್ಮಾ?"

"ಅವ್ವ ಏನಂದ್ಲು?"

"'ನೋಡಿದ್ನಲ್ಲ, ಸಾಕು. ಮುಂದಿನ ಸಲ ಬಂದಾಗ ಮಾತಾಡ್ಲಿ' ಅಂದ್ರು."

ದ್ರಾಕ್ಷಮ್ಮ ಕೇಳಿದ್ದು ಇಷ್ಟೇ: "ತಂಬಿಟ್ಟು ತಿಂದ್ಲಾ? ಹೆಂಗೈತೆ ಅಂದ್ಲು?"

"ಬೆಲ್ಲ ಮುಂದಾಗೈತೆ ಅಂದ್ರು."

ಅವ್ವ ಯಾವಾಗಲೂ ಅದನ್ನೇ ಹೇಳುತ್ತಿದ್ದಳು. ದ್ರಾಕ್ಷಮ್ಮನಿಗೆ ನಗು ಬಂತು. ನಗುತ್ತಲೇ ಅವಳು ನೆಲಕ್ಕೆ ಕೂತಳು, ಆಗ ಅದು ನಗುವಾಗಿ ಉಳಿಯಲಿಲ್ಲ.

ಎಡಬಾಗಿಲಿನ ಮೇಲೆ ಧೂಳಿನ ನಡುವೆ ನಾಲ್ಕು ಬೆರಳಿನ ಗುರುತು ಇತ್ತು. ಮೇಲಿಂದ ಕೆಳಕ್ಕೆ ಸವರಿದ್ದು, ತುಪ್ಪ ಬೆಲ್ಲ ಮೆತ್ತಿದ್ದು. ಅದರ ಪಕ್ಕದಲ್ಲಿ ಬಾಗಿದ ಹೆಬ್ಬೆರಳಿನ ಗುರುತು. ಬಾಯಿ ಇರಬೇಕಾದ ಕಡೆ ತಂಬಿಟ್ಟಿನ ಪುಡಿ ಅಂಟಿತ್ತು. ಇರುವೆಗಳು ಆಗಲೇ ಸಾಲು ಹಿಡಿದಿದ್ದವು. ಅವಳು ಬೆರಳು ತಾಗಿಸದೆ, ಉಫ್ ಉಫ್ ಎಂದು ಊದಿ ಇರುವೆಗಳನ್ನು ಓಡಿಸಿದಳು.

"ಬ್ಯಾಗ ತೊಳೀರಿ ಅಮ್ಮಾ" ಎಂದ ಯರ್ರಪ್ಪ. "ಬಿಸಿಲು ಬಿದ್ರೆ ಬೆಲ್ಲ ತುಪ್ಪ ವಾರ್ನಿಶು ತಿಂದ್ಬಿಡ್ತೈತೆ. ಆಮ್ಯಾಲೆ ಏನ್ ಮೇಣ ಹಾಕಿದ್ರೂ ಬರಲ್ಲ."

ಅವಳಿಗೆ ಅದು ಗೊತ್ತಿತ್ತು. ಗಾಡಿಯನ್ನು ಮೇಲಿಂದ ಕೆಳಗೆ ತೊಳೆದಳು. ಮೂತಿ, ಮಾಡಿನ ಕಂಬಿ, ಹಿಂಭಾಗ, ಬಲಬಾಗಿಲು, ಒಂದೂ ಬಿಡಲಿಲ್ಲ. ಎಡಬಾಗಿಲಿಗೆ ಹನಿ ಸಿಡಿಯದಂತೆ ಮೊರವನ್ನು ಅಡ್ಡ ಹಿಡಿದಳು. ಮೇಣ ಹಾಕಿ ಎಲ್ಲ ಮಿಂಚಿಸಿದ ಮೇಲೆ ಆ ಒಂದು ಬಾಗಿಲು ಮಾತ್ರ ಧೂಳು ಹೊದ್ದುಕೊಂಡೇ ಉಳಿಯಿತು.

ಎದ್ದು ಬಂದ ಜಂಬುಲಿಂಗಪ್ಪ ಅದನ್ನು ನೋಡಿ ತಲೆ ತಗ್ಗಿಸಿದರು. ಯರ್ರಪ್ಪನ ಮಾತನ್ನೆಲ್ಲ ಕಿಟಕಿಯಲ್ಲಿ ಕೇಳಿದ್ದ ವೀರಮ್ಮ ಹೊರಗೆ ಬಂದು, ಬಾಗಿಲಿನ ಮುಂದೆ ನಿಂತು, ಕೈಯೆತ್ತಿ, ಮುಟ್ಟದೆ ಇಳಿಸಿದಳು. "ಅದು ಹಂಗೇ ಇರ್ಲಿ ಬಿಡು" ಎಂದಳು ಮಗನಿಗೆ. "ಮುಂದಿನ ಸಲ ಅನ್ನಬ್ಯಾಡ ಇನ್ನ. ಇವತ್ತೇ ಕರ್ಕಂಡು ಹೋಗು."

ಆದರೆ ಪೆಟ್ರೋಲು ಮುಗಿದಿತ್ತು. ಡಬ್ಬಿಗಳು ಚಿತ್ರದುರ್ಗದಿಂದ ಎತ್ತಿನ ಗಾಡಿಯ ಮೇಲೆ ಬರಬೇಕು. ಎತ್ತಿನ ಗಾಡಿ ಹೂಡಲೇ ಎಂದು ಜಂಪಣ್ಣ ಕೇಳಿದರೆ ಜಂಬುಲಿಂಗಪ್ಪ, ಆ ತಾಯಿಗೆ ಮೋಟಾರಿನಲ್ಲೇ ಕರೆತರುತ್ತೇನೆಂದು ಹೇಳಿಯಾಗಿದೆ, ಎರಡು ದಿನ ತಾಳು ಎಂದರು. ಮೋಟಾರಿನ ಹುಚ್ಚು ಬಿಡಬೇಕಲ್ಲ! ಡಬ್ಬಿ ಬಂದ ದಿನವೇ ಮೊಳಕಾಲ್ಮೂರಿನ ಆಳು ಬಂದ. ಮುದುಕಿ ಜಗಲಿಯ ಮೇಲೆ ಕೂತಲ್ಲೇ ಹೋಗಿದ್ದಳು. ಮಣ್ಣು ಮಾಡಿಯೂ ಆಗಿತ್ತು.

ಸಾವಿನ ಮನೆಗೆ ಹೊರಟ ಗಾಡಿಗೆ ಯಾವ ಶಕುನ? ದ್ರಾಕ್ಷಮ್ಮ ಎಡಬಾಗಿಲನ್ನು ಒಳಗಿನಿಂದ ಹಿಡಿದುಕೊಂಡು ಕೂತಳು. ವೀರಮ್ಮ ಹಿತ್ತಿಲಿಗೆ ಹೋಗದೆ, ಮುಂಬಾಗಿಲಲ್ಲಿ ನಿಂತು ಗಾಡಿ ಹೋಗುವುದನ್ನು ನೋಡಿದಳು. ತಳಕು ದಾಟಿತು, ನೆಲ ಕೆಂಪಾಗುತ್ತ ಬಂತು, ಬಂಡೆಗುಡ್ಡಗಳು ಕಂಡವು. ಬಿಲ್ವದ ಬುಡದಲ್ಲಿ ಕೂಡಿಟ್ಟ ಮಣ್ಣು ಇಲ್ಲಿ ದಾರಿಯುದ್ದಕ್ಕೂ ಬಿದ್ದಿತ್ತು. ಇಷ್ಟು ಹತ್ತಿರವಿತ್ತೇ, ಒಂದು ಹೊತ್ತಿನೊಳಗಿನ ದಾರಿಯೇ ಎಂದು ಅವಳು ತಿರುಗಿ ಬಂದ ದಾರಿಯನ್ನು ನೋಡಿದಳು. ಮನೆಯ ಮುಂದೆ ಇಳಿದಾಗ ಜಗಲಿಗೆ ಒರಗಿಸಿದ ಕೋಲೊಂದೇ ಇತ್ತು. ನೆರೆಯ ಹೆಂಗಸೊಬ್ಬಳು ಅವಳನ್ನು ತಬ್ಬಿ ಅತ್ತು ಹೇಳಿದಳು: "ಸಮಾಧಾನ ಮಾಡ್ಕವ್ವ. ಮಗಳು ಬಂದು ಮುಖ ತೋರಿಸಿ ಹೋದ್ಲು ಅಂತ ದಿನಾ ಹೇಳ್ಕಂಡು ಕುಣೀತಿದ್ಲು. ನಾವ್ಯಾರೂ ನಿಜ ಹೇಳಲಿಲ್ಲ."

ಆ ಮೋಟಾರು ಆ ಮನೆಯಲ್ಲಿ ಬಹಳ ವರ್ಷ ಇತ್ತು. ಬಟ್ಟೆಯ ಮಾಡು ಹರಿದು ಬದಲಾಯಿತು, ಯರ್ರಪ್ಪನ ಮೀಸೆ ಬೆಳ್ಳಗಾಯಿತು. ಬಣ್ಣ ಮಾಡುವವನನ್ನು ಬೆಂಗಳೂರಿನಿಂದ ಕರೆಸಿದಾಗ ಜಂಬುಲಿಂಗಪ್ಪ ಮೊದಲೇ ಹೇಳಿದರು, ಎಡಬಾಗಿಲು ಮುಟ್ಟಬೇಡ. ಯರ್ರಪ್ಪ ಹೇಳಿದ್ದು ನಿಜವೇ ಆಗಿತ್ತು: ಬೆಲ್ಲ ತುಪ್ಪ ವಾರ್ನಿಶನ್ನು ತಿಂದಿದ್ದವು. ಆಮೇಲೆ ಎಷ್ಟು ತೊಳೆದರೂ, ಎಷ್ಟು ಮೇಣ ಹಚ್ಚಿದರೂ ಮಿಂಚುವ ಕಪ್ಪಿನ ನಡುವೆ ಆ ಬೆರಳುಗಳು ಮಂಕಾಗಿ ಉಳಿದವು.

ದ್ರಾಕ್ಷಮ್ಮ ಗಾಡಿ ತೊಳೆಯುವಾಗ ಆ ಬಾಗಿಲನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಗಿಳಿಹಸಿರು ಹೋಗಿ ಬಿಳಿಚಿದ ರೇಷ್ಮೆಯ ತುಂಡಿನಿಂದ ಉಜ್ಜುತ್ತಿದ್ದಳು. ಬರಬರುತ್ತ ಅವಳ ಬೆನ್ನೂ ಬಾಗಿತು, ಕುಕ್ಕರುಗಾಲಲ್ಲಿ ಕೂರುವುದು ಬೇಕಾಗಲಿಲ್ಲ, ನಿಂತರೂ ಮುಖ ಬಾಗಿಲ ಮಟ್ಟಕ್ಕೆ ಬರುತ್ತಿತ್ತು. ತಲೆಯನ್ನು ಸ್ವಲ್ಪ ಆ ಕಡೆ ಈ ಕಡೆ ಸರಿಸಿ ಹೊಂದಿಸಿಕೊಂಡರೆ ಆ ನಾಲ್ಕು ಬೆರಳು ಸರಿಯಾಗಿ ಅವಳ ಕೆನ್ನೆಯ ಮೇಲೆ ಬಂದು ಕೂರುತ್ತಿದ್ದವು. ಹಾಗೆಯೇ, ಅಲ್ಲಾಡದೆ, ಒಳಗಿನಿಂದ ಯಾರಾದರೂ ಕರೆಯುವವರೆಗೆ ನಿಂತಿರುತ್ತಿದ್ದಳು.

"ಬಂದೀನಿ ಕಣವ್ವ" ಎನ್ನುತ್ತಿದ್ದಳು. "ಗಂಟಲು ಸರಿಯಾಗೈತೆ."